ಬಿಜಲಿಯ ಹಿಮ್ಮಡಿ ಉಜ್ಜುವವರು

ಪುಟ್ಟಲಿಂಗಮ್ಮನನ್ನು ಉದಯಗಿರಿಯ ಆ ಬೀದಿಯಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಟಾಂಗಾ ಶಿವಮಲ್ಲಪ್ಪನ ಹೆಂಡತಿ, ಅಷ್ಟೇ. ಅರಮನೆ ಸುತ್ತ ಪ್ರವಾಸಿಗರನ್ನು ಸುತ್ತಿಸುವವನು ಅವನು. ಕುದುರೆಗೆ ಹುರುಳಿ ಬೇಯಿಸುವವಳು, ಲದ್ದಿ ಬಾಚುವವಳು, ಮೈ ತೊಳೆಯುವವಳು ಇವಳು. ಶಿವಮಲ್ಲಪ್ಪನನ್ನು ಕೇಳಿದರೆ, ಹೆಂಡತಿ "ಮನೇಲವಳೆ" ಅನ್ನುತ್ತಾನೆ.

ಗೊರಸಿನ ಕೆಲಸ ಮಾತ್ರ ಅತ್ತೆ ಸಾಕಮ್ಮನದು. ಕುದುರೆ ಬಿಜಲಿಯ ಎಡ ಮುಂಗಾಲಿನ ಗೊರಸು ಮರಿಯಾಗಿದ್ದಾಗಿನಿಂದಲೂ ಕವುಚಿಟ್ಟ ಲೋಟದ ಹಾಗೆ ನೆಟ್ಟಗೆ. ಬಲಗಾಲಿನದು ತಟ್ಟೆಯ ಹಾಗೆ ಅಗಲ. ಎಡಗಾಲಿನ ಹಿಮ್ಮಡಿ, ಅಂದರೆ ಗೊರಸಿನ ಹಿಂಭಾಗ, ಬೇಗ ಬೇಗ ಬೆಳೆಯುತ್ತದೆ. ಬಿಟ್ಟರೆ ಕುದುರೆ ತುದಿಗಾಲಲ್ಲೇ ನಡೆದು ಮುಗ್ಗರಿಸುತ್ತದೆ. ಟಾಂಗಾ ಹೊರಡದ ಅಮಾವಾಸ್ಯೆಯ ದಿನ, ಗಾಡಿಗೆ ಪೂಜೆಯಾದ ಮೇಲೆ, ಸಾಕಮ್ಮ ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಅರದಿಂದ ಹಿಮ್ಮಡಿಯನ್ನು ಚೂರೇ ಚೂರು ಇಳಿಸುತ್ತಿದ್ದಳು.

"ಎರಡೂ ಜೋಡಿ ಮಾಡಕ್ಕೋಗ್ಬಾರ್ದು ಕಣವ್ವ. ಒಂದೇ ಸಲ ಇಳಿಸುದ್ರೆ ಒಳಗಿನ ನರ ಎಳ್ಕೊಂಡು ಕುಂಟಾಯ್ತದೆ," ಎನ್ನುತ್ತಿದ್ದಳು ಸೊಸೆಗೆ.

ಬೇಸಿಗೆಯಲ್ಲಿ ಸಾಕಮ್ಮ ತೀರಿಕೊಂಡಳು. ಮುಂದಿನ ಅಮಾವಾಸ್ಯೆ ಕಳೆದು ಮರುದಿನ ಲಾಯ ಗುಡಿಸುವಾಗ ಪುಟ್ಟಲಿಂಗಮ್ಮನಿಗೆ ಗೊರಸಿನ ಬಿಳಿ ಪುಡಿ ಸಿಕ್ಕಿತು. ಗಂಡನಿಗೆ ಕೊನೆಗೂ ಬುದ್ಧಿ ಬಂತು ಅಂದುಕೊಂಡಳು. ಅವನು ಹೆಂಡತಿ ಮಾಡುತ್ತಿದ್ದಾಳೆ ಅಂದುಕೊಂಡಿದ್ದ. ಮನೆಯಲ್ಲಿ ಆದ ಕೆಲಸವನ್ನು ಯಾರು ಮಾಡಿದರೆಂದು ಎಂದೂ ಕೇಳಿದವನಲ್ಲ. ಹೀಗೇ ಮಳೆಗಾಲ ಕಳೆಯಿತು.

ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ ಸಾಕಮ್ಮನಿಗೆ ಎಡೆ ಇಟ್ಟಾಗಿತ್ತು. ಆಗ ಶಿವಮಲ್ಲಪ್ಪ ಲಾಳ ಹೊಡೆಯುವ ಕುಮಾರಸ್ವಾಮಿಯನ್ನು ಕರೆತಂದ. ದಸರೆಗೆ ಬರುವವರು ಬಿಜಲಿಯ ಕಾಲಿನ ವಿಡಿಯೊ ಮಾಡಿಕೊಂಡು ನಗುತ್ತಾರಂತೆ.

"ಎರಡೂ ಒಂದೇ ಸಮ ಕಾಣ್ಬೇಕು. ಇವತ್ತೇ ಕತ್ತರಿಸ್ಬುಡು."

"ಬ್ಯಾಡಿ," ಎಂದಳು ಪುಟ್ಟಲಿಂಗಮ್ಮ. "ಅತ್ತೆ ಏನೇಳಿದ್ರು?"

"ನಿಮ್ಮತ್ತೆ ಏನ್ ಡಾಕ್ಟ್ರಾ? ಹೋಗು, ಕಾಫಿ ಕಾಯ್ಸು."

ಅವಳು ಕದಲಲಿಲ್ಲ. ಬಿಜಲಿ ಕುಂಟಾದರೆ ಇವನು ಮಾರುತ್ತಾನೆ. ಕುಂಟು ಕುದುರೆಯನ್ನು ಯಾರು, ಯಾಕೆ ಕೊಳ್ಳುತ್ತಾರೆಂದು ಅವಳಿಗೆ ಗೊತ್ತು.

ಕುಮಾರಸ್ವಾಮಿ ಗೊರಸು ಎತ್ತಿ ನೋಡಿದ. "ತಿಂಗ್ಳು ತಿಂಗ್ಳೂ ಯಾರೋ ಅಚ್ಚುಕಟ್ಟಾಗಿ ಉಜ್ಜವ್ರೆ. ನೀನೇನಣ್ಣ?"

"ನಾನೆಲ್ಲಿ. ಇವಳೇ."

"ನಾನಲ್ಲ," ಎಂದಳು ಪುಟ್ಟಲಿಂಗಮ್ಮ.

ಕುಮಾರಸ್ವಾಮಿ ಇಕ್ಕಳ ಹಿಡಿಯುತ್ತಿದ್ದಂತೆ ಬಿಜಲಿ ಕಾಲು ಕಿತ್ತುಕೊಂಡಿತು. ಆದರೆ ನೆಲಕ್ಕೆ ಊರಲಿಲ್ಲ. ಮಂಡಿ ಮಡಿಸಿ, ಯಾರದೋ ತೊಡೆಯ ಮೇಲಿಟ್ಟ ಹಾಗೆ ಗಾಳಿಯಲ್ಲೇ ಇಟ್ಟುಕೊಂಡಿತು. ಕೆಳಗಿನ ಹುಲ್ಲು ಮೆಲ್ಲಗೆ ಒತ್ತಿಕೊಂಡು, ಮಂಡಿಯೂರಿದವರ ಎರಡು ಗುಳಿ ಬಿದ್ದವು. ಅರ ಗೋಡೆಯ ಮೊಳೆಯಲ್ಲೇ ನೇತಾಡುತ್ತಿತ್ತು. ಆದರೂ ಕರ್, ಕರ್ ಎಂದು ಉಜ್ಜುವ ಸದ್ದು ಕೇಳಿಸಿತು. ಹುಲ್ಲಿನ ಮೇಲೆ ಬಿಳಿ ಪುಡಿ ಉದುರಿತು.

ಕುಮಾರಸ್ವಾಮಿ ಇಕ್ಕಳ, ಚಪ್ಪಲಿ ಎರಡನ್ನೂ ಬಿಟ್ಟು ಹೋದ.

ಪುಟ್ಟಲಿಂಗಮ್ಮ ಹುಲ್ಲಿನ ಮೇಲಿನ ಗುಳಿಗಳನ್ನೇ ನೋಡಿದಳು. ಬಡಿಸಿದ ಎಡೆ ಒಳಗೆ ಆರುತ್ತಿದೆ, ಈ ಮುದುಕಿ ಇಲ್ಲಿ ಕೆಲಸಕ್ಕೆ ಕೂತಿದ್ದಾಳೆ. ಸತ್ತ ಮೇಲೂ ಬಿಡುವಿಲ್ಲ. ನಾಳೆ ತಾನೂ ಹೀಗೇ, ಹುರುಳಿ ಬೇಯಿಸುವ ಒಲೆಯ ಮುಂದೆ.

"ಏಳಿ ಅತ್ತೆ, ಉಣ್ಣೋಗಿ," ಎಂದು ಅರವನ್ನು ಕೆಳಗಿಳಿಸಿ ಗಂಡನ ಮುಂದೆ ಹಿಡಿದಳು. "ನೀವು ಕೂತ್ಕೊಳಿ."

"ನಂಗ್ ಬರಕಿಲ್ಲ."

"ಅವರೇನ್ ಹೊಟ್ಟೇಲೇ ಕಲ್ತು ಬಂದಿದ್ರಾ?"

ಅವನು ಕೂತ. ಬಿಜಲಿಯ ಕಾಲು ಅವನ ತೊಡೆಗೆ ಬಂತು. ಅರವನ್ನು ಜೋರಾಗಿ ಎರಡು ಸಲ ಎಳೆದ. ಆಮೇಲೆ ಅವನ ಮಣಿಕಟ್ಟು ಯಾರೋ ತಿದ್ದಿದಂತೆ ಓರೆಯಾಯಿತು, ಕೈ ಹಗುರವಾಯಿತು. ಹಿಮ್ಮಡಿ ಚೂರು ಇಳಿದದ್ದೇ ಅರ ನಿಂತಿತು. ಎಷ್ಟು ಎಳೆದರೂ ಅಲುಗಲಿಲ್ಲ. ಬಿಜಲಿ ಕಾಲೂರಿ ಗಟ್ಟಿಯಾಗಿ ನಿಂತುಕೊಂಡಿತು.

ಅವನು ಏಳಲಿಲ್ಲ. "ಅವ್ವ ಕೈ ಬುಡ್ತಾ ಇಲ್ಲ ಕಣೆ."

"ಪ್ರತಿ ಅಮಾಸೆ ನಾನೇ ಉಜ್ತೀನಿ ಅಂತ ಹೇಳಿ."

ಅವನು ಹೇಳಿದ, ತುಟಿಯಲ್ಲೇ. ಕೈ ಇನ್ನೂ ಬಿಡಲಿಲ್ಲ.

"ಗಟ್ಟಿಯಾಗಿ," ಎಂದಳು ಪುಟ್ಟಲಿಂಗಮ್ಮ.