ಪೈಪಿಗೆ ಸುತ್ತಿದ ಪಟ್ಟಿ

ಬೈಕಿನ ಸೈಲೆನ್ಸರ್ ಪೈಪಿನ ಸುತ್ತ ದಟ್ಟ ಹೊಗೆ ಎದ್ದದ್ದು ಕಂಡು ಎದುರುಮನೆಯ ಸಾವಿತ್ರಮ್ಮ ಬಕೆಟ್ ನೀರು ಹಿಡಿದು ನಮ್ಮ ಗೇಟಿನೊಳಗೆ ಓಡಿ ಬಂದರು.

“ಅಯ್ಯೋ ಆಂಟಿ, ನೀರು ಹಾಕ್ಬೇಡಿ! ಹೊಸ ಪಟ್ಟಿ ಸುತ್ತಿದೀನಿ, ಮೊದಲ್ನೇ ಸಲ ಬಿಸಿಯಾದಾಗ ಹೀಗೇ ಹೊಗೆ ಬರತ್ತೆ,” ಎಂದು ನನ್ನ ಮಗಳು ಶ್ರುತಿ ಅಡ್ಡ ನಿಂತಳು.

“ನಿಮ್ಮಪ್ಪ ಇದ್ದಾಗ್ಲೂ ಬೀದಿಗೆಲ್ಲಾ ಹೊಗೆ ಹಾಕ್ತಿತ್ತು ಈ ಗಾಡಿ. ಈಗ ನೀನು ಶುರು ಮಾಡ್ಕೊಂಡ್ಯಾ?” ಎಂದರು ಸಾವಿತ್ರಮ್ಮ. ಬಕೆಟ್ ಮಾತ್ರ ಕೆಳಗಿಡಲಿಲ್ಲ.

ಯಜಮಾನರು ತೀರಿಕೊಂಡ ಮೇಲೆ ಆ ಹಳೆಯ ಬೈಕನ್ನು ಯಾರಿಗಾದರೂ ಕೊಟ್ಟುಬಿಡೋಣ ಎಂದು ನಾನೇ ಹೇಳಿದ್ದೆ. ಅದರ ಸದ್ದು ಕೇಳಿದರೆ ತಡೆದುಕೊಳ್ಳಲಾರೆ ಅನ್ನಿಸಿತ್ತು. ಶ್ರುತಿ ಒಪ್ಪದೆ, ರಜೆಯ ದಿನಗಳಲ್ಲಿ ಕೂತು ರಿಪೇರಿ ಮಾಡಿದಳು. ಆ ಬೆಳಿಗ್ಗೆ ಶಾಖ ತಡೆಯುವ ಪಟ್ಟಿಯನ್ನು ನೀರಿನಲ್ಲಿ ನೆನೆಸಿ, ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, ಪೈಪಿಗೆ ಬಿಗಿಯಾಗಿ ಸುತ್ತಿದ್ದಳು. ಅಂದಕ್ಕೆ ಸುತ್ತುತ್ತಿದ್ದಾಳೆ ಎಂದುಕೊಂಡಿದ್ದೆ.

ಸ್ವಲ್ಪ ಹೊತ್ತಿಗೆ ಹೊಗೆ ಇಳಿಯಿತು. ಇಂಜಿನ್ ಒಂದೇ ಸಮನೆ ಓಡುತ್ತಿತ್ತು. ನಾನು ಒಳಗೆ ಹೋಗಲು ತಿರುಗಿದೆ.

“ಹತ್ತಮ್ಮಾ. ಅಪ್ಪನ ಹಿಂದೆ ಕೂತು ಎಷ್ಟು ಸಲ ಕಾಲು ಸುಟ್ಕೊಂಡಿದೀಯ! ಇನ್ಮೇಲೆ ಅಷ್ಟು ಸುಡಲ್ಲ. ನಿಂಗೋಸ್ಕರಾನೇ ಸುತ್ತಿದ್ದು.”

ಗಾಂಧಿ ಬಜಾರ್‌ವರೆಗೆ ಹೋದೆವು. ದಾರಿಯುದ್ದಕ್ಕೂ ಅವಳ ಬೆನ್ನ ಹಿಂದೆ ಅಳುತ್ತಲೇ ಇದ್ದೆ, ನಿಜ. ಆದರೆ ವಾಪಸ್ ಶಂಕರಪುರಂ ಕಡೆಗೆ ತಿರುಗುವಾಗ, “ಇಷ್ಟು ಬೇಗ ಮನೆಗೆ ಬೇಡ, ಇನ್ನೊಂದು ಸುತ್ತು ಹಾಕ್ಕೊಂಡು ಹೋಗೋಣ” ಎಂದವಳು ನಾನೇ.