ಸಕ್ಕರಿ ಗಿಡದ ಹುಳಿ ಟೊಂಗೆ

ನಾನು ಚಿಕ್ಕವಳಿದ್ದಾಗ ನಮ್ಮ ಹೊಲದಲ್ಲಿ ಒಂದು ಮಾವಿನ ಮರ ಮೈತುಂಬ ಮಣ್ಣಿನ ಕುಂಡಗಳನ್ನು ಹೊತ್ತು ನಿಂತಿತ್ತು. ನಗಬೇಡಿ ಮಕ್ಕಳೇ, ನಿಜ ಹೇಳುತ್ತಿದ್ದೇನೆ. ಒಟ್ಟು ನಲವತ್ತು ಕುಂಡ, ಒಂದೊಂದರಲ್ಲೂ ಒಂದು ಎಳೆಯ ಮಾವಿನ ಸಸಿ. ನೆಲದ ಮೇಲಿರಬೇಕಾದ ಸಸಿಗಳಿಗೆ ಮರದ ಮೇಲೇನು ಕೆಲಸ ಅಂತ ನೀವು ಕೇಳುತ್ತೀರಿ. ಆಗ ನಮ್ಮೂರಿನವರೂ ದಾರಿಯಲ್ಲಿ ನಿಂತು ಅದನ್ನೇ ಕೇಳುತ್ತಿದ್ದರು.

ಆಗ ನಮ್ಮ ಕಡೆ ಇನ್ನೂ ನಿಜಾಮರ ಆಳ್ವಿಕೆ. ಕೊಪ್ಪಳದ ಕೋಟೆ ಗುಡ್ಡ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ನಮ್ಮ ಹನ್ನೆರಡು ಎಕರೆ ಹೊಲವಿತ್ತು. ಕೆಂಪು ಮಸಾರಿ ಮಣ್ಣು. ಸಜ್ಜೆ, ಶೇಂಗಾ ಬೆಳೆಯುತ್ತಿದ್ದೆವು. ಬಾವಿಯ ಪಕ್ಕದ ಆ ಮಾವಿನ ಮರವನ್ನು ಅಜ್ಜನ ಅಜ್ಜ ನೆಟ್ಟಿದ್ದನಂತೆ. ಅದರ ಹಣ್ಣು ಎಷ್ಟು ಸಿಹಿಯೆಂದರೆ ಎಲ್ಲರೂ ಅದನ್ನು ಸಕ್ಕರಿ ಗಿಡ ಅನ್ನುತ್ತಿದ್ದರು. ಅಂಥದ್ದೇ ಇನ್ನೊಂದು ಮರ ಬೇಕೆಂದು ಅಜ್ಜ ಅದರ ಗೊರಟುಗಳನ್ನು ಹತ್ತಾರು ಸಲ ನೆಟ್ಟು ನೋಡಿದ್ದ. ಹುಟ್ಟಿದ ಮರಗಳೆಲ್ಲ ಹಲ್ಲು ಜುಮ್ಮೆನ್ನುವಷ್ಟು ಹುಳಿ ಕಾಯಿ ಬಿಟ್ಟವು.

ಮನೆಯಲ್ಲಿ ನಾವು ಮಕ್ಕಳೇ ಒಂಬತ್ತು ಜನ: ಅಪ್ಪನ ಮಕ್ಕಳು, ಇಬ್ಬರು ಕಾಕಂದಿರ ಮಕ್ಕಳು. "ಹನ್ನೆರಡು ಎಕರೆ ಈ ಒಂಬತ್ತು ಮಂದಿಗೆ ಹಂಚಿದ್ರ, ಒಬ್ಬೊಬ್ಬರಿಗೆ ಒಂದ್ ಕೌದಿ ಹಾಸುವಷ್ಟು ಬರತೈತಿ" ಎಂದು ಅಪ್ಪ ಊಟಕ್ಕೆ ಕೂತಾಗಲೆಲ್ಲ ಅನ್ನುತ್ತಿದ್ದ. ಸಕ್ಕರಿ ಗಿಡದಂಥ ಮರಗಳನ್ನೇ ನೂರಾರು ಮಾಡಬೇಕು, ಗುಡ್ಡದ ಕಡೆಯ ಹೊಲದಲ್ಲಿ ತೋಟ ಹಾಕಬೇಕು, ಹಣ್ಣಿನ ಜೊತೆಗೆ ಸಸಿಯನ್ನೂ ಮಾರಬೇಕು ಎಂಬುದು ಅವನ ಆಸೆ. ಆದರೆ ಸಜ್ಜೆ ಬೆಳೆಯುವ ನೆಲವನ್ನು ಬಿಟ್ಟುಕೊಡಲು ಅಜ್ಜ ಸುತರಾಂ ಒಪ್ಪಿರಲಿಲ್ಲ.

ಆಗ ಬಂದವರು ಮಾಲಿ ಚಾಚಾ. ಹೈದರಾಬಾದಿನ ದೊಡ್ಡ ತೋಟವೊಂದರಲ್ಲಿ ಆಯುಷ್ಯ ಸವೆಸಿ ಊರಿಗೆ ಮರಳಿದ್ದರು, ಕಸಿ ಕಟ್ಟುವುದರಲ್ಲಿ ಎತ್ತಿದ ಕೈ. ಮಳೆಗಾಲ ಶುರುವಾದಾಗ ಅವರೂ ಅಪ್ಪನೂ ಸಕ್ಕರಿ ಗಿಡದ ಸುತ್ತ ಬಿದಿರಿನ ಅಟ್ಟ ಕಟ್ಟಿದರು. ಹುಳಿ ಮಾವಿನ ಸಸಿಗಳ ಕುಂಡಗಳನ್ನು ಅಟ್ಟಕ್ಕೇರಿಸಿದರು. ಸಸಿಯ ಕಾಂಡದಲ್ಲಿ ಬೆರಳುದ್ದ ತೊಗಟೆ ಹೆರೆದು, ಸಕ್ಕರಿ ಗಿಡದ ಎಳೆ ಟೊಂಗೆಯನ್ನೂ ಅಷ್ಟೇ ಹೆರೆದು, ಎರಡು ಗಾಯಗಳನ್ನೂ ಒಂದಕ್ಕೊಂದು ಒತ್ತಿ ಬಾಳೆಯ ನಾರಿನಿಂದ ಬಿಗಿದರು. ಗಾಯಗಳು ಕೂಡಿಕೊಂಡ ಮೇಲೆ ಸಕ್ಕರಿ ಟೊಂಗೆಯನ್ನು ತಾಯಿಮರದಿಂದ ಕೊಯ್ದು, ಆಮೇಲೆ ಸಸಿಯ ಸ್ವಂತ ಹುಳಿ ತಲೆಯನ್ನೂ ಸವರಿಬಿಟ್ಟರೆ ಆ ಟೊಂಗೆ ಕುಂಡದ ಸಸಿಯ ಬೇರಿನ ಮೇಲೆ ಬದುಕುತ್ತದಂತೆ, ಸಿಹಿ ಹಣ್ಣನ್ನೇ ಕೊಡುತ್ತದಂತೆ.

ಅಜ್ಜ ಹೊಟ್ಟೆ ಹಿಡಿದು ನಕ್ಕ. "ಒಂದ್ ಗಿಡದ ಕೂಸಿಗೆ ಇನ್ನೊಂದ್ ಗಿಡ ಹಾಲು ಕುಡಿಸತೈತೇನ್ಲೇ? ಅದನ್ನ ನನ್ನ ಕಣ್ಣಿಗೆ ತೋರ್ಸು, ಆಮ್ಯಾಲೆ ಗುಡ್ಡದ ಹೊಲದ ಮಾತು" ಅಂದ.

ಮಳೆ ಬಾರದ ದಿನಗಳಲ್ಲಿ ಕುಂಡಗಳಿಗೆ ನೀರು ಹಾಕುವ ಕೆಲಸ ಅಕ್ಕನದು ಮತ್ತು ನನ್ನದು. ತಂಬಿಗೆ ಹಿಡಿದು ಏಣಿ ಹತ್ತಿ ಇಳಿದು ನನ್ನ ಮೊಳಕಾಲೆಲ್ಲ ತರಚಿತ್ತು. ಕೆಂಜಿಗಗಳು ಕುತ್ತಿಗೆಗೆ ಕಚ್ಚಿದಾಗ ಅಪ್ಪನನ್ನೂ ಚಾಚಾರನ್ನೂ ಸೇರಿಸಿ ಬೈದುಕೊಳ್ಳುತ್ತಿದ್ದೆ. ಆದರೆ ಯಾರೂ ನೋಡದಾಗ ನಾರು ಸುತ್ತಿದ ಜಾಗಕ್ಕೆ ಕಿವಿ ಹಚ್ಚುತ್ತಿದ್ದೆ. ಒಳಗೆ ಎರಡು ಮರಗಳು ಒಂದಾಗುವಾಗ ಏನಾದರೂ ಸದ್ದು ಬರಬಹುದಲ್ಲ!

ದಸರೆ ಕಳೆದು ಬಿಸಿಲು ಚುರುಗುಟ್ಟುವ ಒಂದು ಬೆಳಿಗ್ಗೆ ಕೊಯ್ಯುವ ದಿನ ಬಂತು. ಮನೆಮಂದಿಯೆಲ್ಲ ಮರದ ಕೆಳಗೆ ಸೇರಿದರು. ಚಾಚಾ, ಅಪ್ಪ, ನಾನು ಅಟ್ಟ ಹತ್ತಿದೆವು, ಚಾಚಾ ಒಂದು ಕುಂಡದ ನಾರು ಬಿಚ್ಚಿದರು. ಗಾಯವೇ ಇರಲಿಲ್ಲ! ಅಲ್ಲೊಂದು ದುಂಡನೆಯ ಗಂಟು. ಬೆರಳಾಡಿಸಿದೆ, ಎಲ್ಲಿ ಒಂದು ಮರ ಮುಗಿದು ಇನ್ನೊಂದು ಶುರುವಾಗುತ್ತದೋ ತಿಳಿಯಲಿಲ್ಲ.

"ಮೊದಲನೇದು ಈಕಿ ಕೈಲೇ ಆಗ್ಲಿ, ಈಕಿ ಕೈಗುಣ ಛಲೋ ಐತಿ" ಎಂದು ಅಜ್ಜನೇ ಕೂಗಿ ಹೇಳಿದ.

ಚಾಚಾ ನನ್ನ ಕೈಗೆ ಚಾಕು ಕೊಟ್ಟು, "ಗಂಟಿನ ಕೆಳಗ ಕೊಯ್ಯಿ ಬೇಟಿ, ತಾಯಿಗಿಡದ ಕಡೀದು" ಎಂದು ಬೆರಳಿಟ್ಟು ತೋರಿಸಿದರು. ಗಂಟಿನ ಕೆಳಗೆ ಎರಡು ಕಡ್ಡಿಗಳಿದ್ದವು. ಒಂದು ಕುಂಡಕ್ಕೆ ಇಳಿದಿತ್ತು, ಇನ್ನೊಂದು ಮರಕ್ಕೆ ಹೋಗಿತ್ತು. ಎರಡೂ ಬಳಪದಷ್ಟೇ ದಪ್ಪ. ನಾನೋ ಕೆಳಗಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದಾರೆಯೇ ಎಂದು ಒಮ್ಮೆ ಬಗ್ಗಿ ನೋಡಿ, ಬೀಗುತ್ತ ಚಾಕು ಎಳೆದೆ.

ಕುಂಡ ಹಗುರಾಗಿ ನನ್ನ ಕೈಗೆ ಬಂತು. ಅದರಲ್ಲಿ ಒಂದು ಮೋಟು ಕಡ್ಡಿ ಬಿಟ್ಟರೆ ಏನೂ ಇರಲಿಲ್ಲ. ನಾನು ಕೊಯ್ದದ್ದು ಸಸಿಯ ಕಾಂಡವನ್ನು! ಬೇರು ಕುಂಡದಲ್ಲಿ ಉಳಿದಿತ್ತು, ಸಸಿಯ ತಲೆ ಸಕ್ಕರಿ ಗಿಡದ ಟೊಂಗೆಗೆ ಅಂಟಿಕೊಂಡು ಗಾಳಿಯಲ್ಲಿ ನಿಂತಿತ್ತು.

ಅಪ್ಪ ಬೈದಿದ್ದರೆ ಜೋರಾಗಿ ಅಳಬಹುದಿತ್ತು. ಅವನು ಬೈಯದೆ ನನ್ನ ಕೈಯಿಂದ ಕುಂಡ ತೆಗೆದುಕೊಂಡು ಬೇರೆ ಕಡೆ ಮುಖ ತಿರುಗಿಸಿದ. ನಮ್ಮ ಒಂಬತ್ತು ಜನರ ಅನ್ನಕ್ಕೆ ನಾನೇ ಕಲ್ಲು ಹಾಕಿದೆ ಎಂದು ಎದೆ ಒಡೆದುಹೋಯಿತು.

"ಬೇರೇ ಇಲ್ಲ, ಇನ್ನೇನು ಬದುಕತೈತಿ. ಕಿತ್ತು ಒಗೀರಿ" ಅಂದ ಅಜ್ಜ.

"ಕೀಳಬ್ಯಾಡ್ರಿ ಯಜಮಾನ್ರ. ಸಂಜಿತನಕ ನೋಡ್ರಿ" ಅಂದರು ಚಾಚಾ.

ಅಜ್ಜ ಹಟಮಾರಿ, ಆದರೆ ಪಕ್ಕಾ ಒಕ್ಕಲುತನದವ. ಬದುವಿಗೆ ಹೋಗಿ ಹುಳಿ ಮಾವಿನ ಅಷ್ಟೇ ದೊಡ್ಡ ಕುಡಿಯೊಂದನ್ನು ಮುರಿದು ತಂದ. ಅದನ್ನು ಆ ಸಸಿಯ ಪಕ್ಕದಲ್ಲೇ ಅಟ್ಟಕ್ಕೆ ಸಿಕ್ಕಿಸಲು ಚಾಚಾರ ಕೈಗೆ ಕೊಟ್ಟ. "ಎರಡಕ್ಕೂ ಬೇರಿಲ್ಲ. ಯಾವುದು ಏನಾಗತೈತಿ ನೋಡೂಣು. ಅಲ್ಲೀತನಕ ಉಳಿದವನ್ನ ಯಾರೂ ಮುಟ್ಟಬ್ಯಾಡ್ರಿ" ಎಂದು ಟವೆಲ್ ಹಾಸಿಕೊಂಡು ಮರದ ಕೆಳಗೆ ಕೂತ.

ನಾನು ಅಟ್ಟ ಬಿಟ್ಟು ಇಳಿಯಲಿಲ್ಲ. ಬಿಸಿಲು ಏರಿತು. ನಡುಮಧ್ಯಾಹ್ನದ ಹೊತ್ತಿಗೆ ಅಜ್ಜ ತಂದ ಕುಡಿಯ ಎಲೆಗಳು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದವು. ಅವ್ವ ರೊಟ್ಟಿ, ಪುಂಡಿಪಲ್ಯ ತಂದರೆ ಅಜ್ಜನೂ ಉಣ್ಣಲಿಲ್ಲ, ನಾನೂ ಉಣ್ಣಲಿಲ್ಲ. ನಾನು ಕೊಯ್ದ ಸಸಿಯ ತಾಮ್ರಬಣ್ಣದ ಎಳೆ ಎಲೆಗಳನ್ನೇ ನೋಡುತ್ತಿದ್ದೆ. ಅವು ಬಾಗಲಿಲ್ಲ. ಹೊತ್ತು ಇಳಿಯಿತು, ಆಗಲೂ ಬಾಗಲಿಲ್ಲ.

ಎಷ್ಟೋ ವರ್ಷಗಳಿಂದ ಮರ ಹತ್ತದ ಅಜ್ಜ ಮೆಲ್ಲಗೆ ಏಣಿ ಏರಿ ಬಂದ. ಎಲೆ ಮುಟ್ಟಿದ, ಗಂಟು ಮುಟ್ಟಿದ. ಆಮೇಲೆ ಸಕ್ಕರಿ ಗಿಡದ ಬೊಡ್ಡೆಯ ಮೇಲೆ ಅಂಗೈ ಇಟ್ಟ.

"ಮಂದಿ ಕೂಸಿಗೆ ಹಾಲು ಕುಡಿಸಾಕ ಹತ್ತೈತಿ ನಮ್ಮ ಗಿಡ" ಅಂದ. ಅವನ ಕಣ್ಣಲ್ಲಿ ನೀರಿತ್ತು. ಕೆಳಗೆ ನಿಂತಿದ್ದ ಅಪ್ಪನಿಗೆ, "ಗುಡ್ಡದ ಹೊಲದಾಗ ನಾಳಿಂದ ಕುಣಿ ತೋಡ್ರಿ" ಎಂದ.

ಕತ್ತಲಾಗುವುದರೊಳಗೆ ಅಪ್ಪ ಉಳಿದ ಮೂವತ್ತೊಂಬತ್ತನ್ನೂ ಕೊಯ್ದಿಳಿಸಿದ. ಒಂದೆರಡು ಬಾಡಿದವು, ಉಳಿದವು ಗುಡ್ಡದ ಹೊಲದಲ್ಲಿ ಬೇರೂರಿದವು. ಅವು ದೊಡ್ಡವಾದ ಮೇಲೆ ಅವುಗಳಿಂದಲೇ ಮತ್ತೆ ಸಸಿ ಮಾಡಿ, ಅಪ್ಪ ಮತ್ತು ಕಾಕಂದಿರು ಗಂಗಾವತಿ, ಕನಕಗಿರಿಯವರೆಗೂ ಬಂಡಿ ಹೊಡೆದರು. ನಾವು ಒಂಬತ್ತು ಜನವೂ ಆ ಮರಗಳ ನೆರಳಲ್ಲೇ ದಡ ಮುಟ್ಟಿದೆವು.

ಈಗ ನಿಮ್ಮ ಅಪ್ಪಂದಿರು ಹಸಿರು ಪರದೆಯ ಕೆಳಗೆ ಕಸಿ ಮಾಡುತ್ತಾರೆ. ಪ್ಲಾಸ್ಟಿಕ್ ಪಟ್ಟಿ ಸುತ್ತಿದರೆ ಒಂದು ನಿಮಿಷದ ಕೆಲಸ. ಫೋನಿನಲ್ಲಿ ಆರ್ಡರ್ ಬರುತ್ತದೆ, ಲಾರಿ ತುಂಬಿ ಸಸಿ ಹೋಗುತ್ತದೆ, ನೀರು ಪೈಪಿನಲ್ಲಿ ತಾನೇ ಹನಿಯುತ್ತದೆ. ಒಳ್ಳೆಯದೇ ಆಯಿತು, ನಿಮ್ಮ ಕುತ್ತಿಗೆಗೆ ಕೆಂಜಿಗ ಕಚ್ಚುವುದಿಲ್ಲ.

ಆದರೆ ಬಾವಿಯ ಪಕ್ಕದ ಸಕ್ಕರಿ ಗಿಡದಲ್ಲಿ ಒಂದೇ ಒಂದು ಟೊಂಗೆ ಮಾತ್ರ ಯಾಕೆ ಹುಳಿ ಕಾಯಿ ಬಿಡುತ್ತದೆ ಅಂತ ಪ್ರತಿ ಬೇಸಿಗೆಯಲ್ಲೂ ಕೇಳುತ್ತೀರಲ್ಲ, ಅದೇ ನಾನು ತಪ್ಪಾಗಿ ಕೊಯ್ದ ಸಸಿ. ನಿಮ್ಮ ತಾಟಿನ ಉಪ್ಪಿನಕಾಯಿ ಅದರದ್ದೇ. ನಾಳೆ ಏಣಿ ಹಾಕಿಕೊಂಡು ಹತ್ತಿ, ಅದರ ಬುಡದ ಗಂಟಿನ ಮೇಲೆ ಕೈ ಇಟ್ಟು ನೋಡಿ. ಎಲ್ಲಿ ನಮ್ಮ ಮರ ಮುಗಿದು ಎಲ್ಲಿ ಆ ಕೂಸು ಶುರುವಾಗುತ್ತದೆ ಎಂದು ನನಗೆ ಹೇಳಿ. ಇಷ್ಟು ವಯಸ್ಸಾದರೂ ನನಗೆ ಗೊತ್ತಾಗಿಲ್ಲ.