ಆಗದ ಗೋಲುಗಳಿಗೆ ಶಾಲು

ಉಪ್ಪಳದ ನಮ್ಮ ಕ್ಲಬ್ಬಿನಲ್ಲಿ ಯಾರಿಗೇ ಶಾಲು ಹೊದೆಸಲಿ, ಸನ್ಮಾನಪತ್ರ ಬರೆಯುವವನು ನಾನು. ಆ ವರ್ಷ, ಕೆನಡಾದಲ್ಲಿ ಹನ್ನೊಂದು ವರ್ಷ ಐಸ್ ಹಾಕಿ ಆಡಿ ನಿವೃತ್ತಳಾದ ಲವೀನಾ ಅಜ್ಜಿಮನೆಗೆ ಬಂದಿದ್ದಳು; ಶಾಲು ಅವಳಿಗೆಂದು ಮಾತಾಗಿತ್ತು.

"ಒಟ್ಟು ಎಷ್ಟು ಗೋಲು?" ಎಂದು ಕೇಳಿದೆ.

"ಮೂರು. ಅದರಲ್ಲಿ ಒಂದು ನಮ್ಮದೇ ಬಲೆಗೆ."

ಅಧ್ಯಕ್ಷರು ನನ್ನನ್ನು ಬದಿಗೆ ಕರೆದರು. "ಎಂತ ಮಾರಾಯ, ಇದಕ್ಕೆಲ್ಲ ಶಾಲು ಉಂಟಾ? ಬೇರೆ ಯಾರನ್ನಾದರೂ ನೋಡುವ."

ಅದು ಲವೀನಾಳ ಕಿವಿಗೆ ಬಿತ್ತು. "ನಾನು ಡಿಫೆಂಡರ್, ಅಂಕಲ್. ಎದುರಿನವರ ಗೋಲು ಆಗದ ಹಾಗೆ ನೋಡಿಕೊಳ್ಳುವುದೇ ನನ್ನ ಕೆಲಸ," ಎಂದು ತುಟಿಯ ಹೊಲಿಗೆ ಗುರುತು ತೋರಿಸಿದಳು. "ಆಗದೇ ಹೋದದ್ದನ್ನು ಬರೆಯಿರಿ."

ಊಟದ ಹೊತ್ತಿಗೆ ಎರಡು ಪುಟ ಬರೆದು ಕೊಟ್ಟೆ. ಅಧ್ಯಕ್ಷರು ಓದಿ, ಶಾಲು ಅವಳಿಗೇ ಹೊದೆಸಿದರು. ಆಗದ ಕೆಲಸಗಳನ್ನು ಸಾಧನೆಯೆಂದು ಬರೆದು ನನಗೆ ಅಭ್ಯಾಸವಿತ್ತು. ಅಧ್ಯಕ್ಷರಿಗೇ ಮೂರು ಸಲ ಬರೆದಿದ್ದೆ. ನಿಜವಾದದ್ದು ಇದೊಂದೇ.